ಹುಣಸೆಕಟ್ಟೆಯ ಸುಳ್ಳು ಮಳೆ

"ಆ ಟವಲ್ಲು ಮೇಜಿನ ಮೇಲೆ ಇಡ್ಬೇಡಿ ಶಂಭುಲಿಂಗಪ್ಪನೋರೇ. ಧೂಳಾಗಿದೆ."

ಇಟ್ಟೆ. ಟವಲ್ಲಿನೊಳಗಿದ್ದ ವಸ್ತು ಮರಕ್ಕೆ ತಗುಲಿ ಠಣ್ಣೆಂದಿತು. ಮೇಜಿನಾಚೆ ಕೂತಿದ್ದ ದೊರೆಸ್ವಾಮಿಯವರ ಬಲಹುಬ್ಬು ಮೇಲೆ ಹೋಯಿತು. ಒಂದು ವಾರದಿಂದ ಆ ಹುಬ್ಬು ಮೇಲೆ ಹೋಗಿ ಕೆಳಗೆ ಇಳಿಯುವುದನ್ನು ನೋಡಿ ನೋಡಿ ನನಗೆ ಸಾಕಾಗಿ ಹೋಗಿತ್ತು.

ಹಾಗೆ ನೋಡಿದರೆ ಆ ಗುರುವಾರ ನನಗೆ ಸಾಕಾಗದೆ ಉಳಿದಿದ್ದು ಯಾವುದೂ ಇರಲಿಲ್ಲ. ಹಿಂದಿನ ದಿನ ಬಸ್ಸು ಹತ್ತಿ, ಬಸ್ಸು ದಾರಿಯಲ್ಲಿ ಕೈಕೊಟ್ಟ ಮೇಲೆ ಎತ್ತಿನ ಗಾಡಿ ಹತ್ತಿ, ಗಾಡಿಯವನೂ ಕೈಕೊಟ್ಟ ಮೇಲೆ ನಡೆದು, ಹುಣಸೆಕಟ್ಟೆ ಎಂಬ ಊರಿಗೆ ಹೋಗಿ ಬಂದಿದ್ದೆ. ಅರವತ್ತು ದಾಟಿದ ಮಂಡಿಗಳು ಇಂಥ ಸಾಹಸಕ್ಕೆ ಒಪ್ಪುವುದಿಲ್ಲ. ನಾನು ಪೊಲೀಸು ಕೆಲಸದಿಂದ ನಿವೃತ್ತನಾದಾಗ ಚಿಕ್ಕಪೇಟೆಯ ನಮ್ಮ ಜವಳಿ ಅಂಗಡಿಯಲ್ಲಿ ಅಣ್ಣ ನನಗೆ ಒರಗಲು ಒಂದು ಲೋಡು ಹಾಕಿಸಿ, "ಇನ್ನಾದ್ರೂ ಬಂದು ಕೂತ್ಕೊಳೋ" ಎಂದಿದ್ದ. ಗಾಡಿ ಕುಲುಕಿದಾಗೆಲ್ಲ ಆ ಲೋಡು ನೆನಪಾಗಿತ್ತು.

ನಾನು ಹೀಗೆ ಅಲೆಯುತ್ತಿದ್ದುದು ಪರಮಶಿವಯ್ಯನಿಗಾಗಿ. ಕರಿಹೊಳೆ ಕೊಳ್ಳದ ಮಳೆ ಮತ್ತು ಶಾಖದ ನಕ್ಷೆಯನ್ನು ಹಿಂದಿನ ವಾರದ ಸೋಮವಾರ ಸಂಜೆ ಈ ಕಚೇರಿಯ ಬಚ್ಚಲ ಒಲೆಯಲ್ಲಿ ಯಾರೋ ಸುಟ್ಟಿದ್ದರು. ಬೀಗದ ಕೈ ಇದ್ದದ್ದು ನಕ್ಷೆಗಾರ ಪರಮಶಿವಯ್ಯನ ಹತ್ತಿರವಾದ್ದರಿಂದ ಪೊಲೀಸರು ಅವನನ್ನು ಹಿಡಿದಿದ್ದರು. ಠಾಣೆಯಲ್ಲಿ ಇಟ್ಟುಕೊಳ್ಳಲು ಮ್ಯಾಜಿಸ್ಟ್ರೇಟರು ಕೊಟ್ಟ ಗಡುವು ನಾಳೆ ಬೆಳಗ್ಗೆ ಮುಗಿಯುತ್ತಿತ್ತು. ಆಮೇಲೆ ಜೈಲು, ಅದರ ಹಿಂದೆಯೇ ಕೆಲಸದಿಂದ ವಜಾ. ಅವನಾದರೋ ಹಿಡಿದಂದಿನಿಂದ ಬಾಯಿ ಬಿಟ್ಟಿರಲಿಲ್ಲ. ಮಾಡಿದೆ ಎಂದೂ ಇಲ್ಲ, ಮಾಡಲಿಲ್ಲ ಎಂದೂ ಇಲ್ಲ.

ಅವನ ಹೆಂಡತಿ ಶೈಲಜಮ್ಮ ನಮ್ಮ ಪಕ್ಕದ ಅಂಗಡಿಯವರ ಮಗಳು. ಲಂಗ ಹಾಕಿಕೊಂಡು ನಮ್ಮ ಅಂಗಡಿ ಮುಂದೆ ಕುಂಟೆಬಿಲ್ಲೆ ಆಡುತ್ತಿದ್ದ ಹುಡುಗಿ ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ನನ್ನ ಮನೆ ಬಾಗಿಲಲ್ಲಿ ನಿಂತು, "ಚಿಕ್ಕಪ್ಪ, ನೀವೇ ಏನಾದ್ರೂ ಮಾಡ್ಬೇಕು" ಎಂದಾಗ ಇಲ್ಲವೆನ್ನಲು ನಾಲಿಗೆ ಹೊರಳಲಿಲ್ಲ. ಈಗಲೂ ಆಕೆ ಹೊರಗೆ ಜಗಲಿಯ ಮೇಲೆ ಕೂತಿದ್ದಳು. ಕೋಣೆಯ ಬಾಗಿಲನ್ನು ಅರ್ಧ ತೆರೆದಿಟ್ಟವನು ನಾನೇ. ಒಳ್ಳೆಯ ಸುದ್ದಿ ಮೊದಲು ಅವಳ ಕಿವಿಗೆ ಬೀಳಲಿ ಎಂಬ ಆಸೆ ನನಗೆ.

"ಏಕಾಂತಯ್ಯ, ಗೋಡೆ ಮೇಲೆ ಆ ನಕ್ಷೆ ಕರಡಿದೆಯಲ್ಲ, ನೋಡಪ್ಪ" ಎಂದೆ.

ಏಕಾಂತಯ್ಯ ಮಲ್ಲೇಶ್ವರದ ಸಬ್‌ಇನ್‌ಸ್ಪೆಕ್ಟರು. ಕೇಸು ಅವನದು. ಹಿಂದೊಮ್ಮೆ ನನ್ನ ಕೈಕೆಳಗೆ ಇದ್ದವನಾದ್ದರಿಂದ ನನ್ನನ್ನು ಸಹಿಸಿಕೊಂಡಿದ್ದ. ಎದ್ದು ಗೋಡೆಯ ಹತ್ತಿರ ಹೋದ.

"ಈ ನೀಲಿ ಗೆರೆಗಳು ಹೊಳೆನಾ ಸಾರ್?"

ದೊರೆಸ್ವಾಮಿಯವರು ನಿಟ್ಟುಸಿರು ಬಿಟ್ಟರು. ಈ ಮಳೆ ನಕ್ಷೆಯ ಕಚೇರಿಗೆ ಅವರೇ ಯಜಮಾನರು. ಕಚೇರಿಯೆಂದರೆ ಒಂದು ಬಾಡಿಗೆ ಮನೆ: ನಡುಮನೆಯಲ್ಲಿ ನಕ್ಷೆಯ ಮೇಜು, ದೇವರಮನೆಯಲ್ಲಿ ಸ್ಟೋರು, ಹಿತ್ತಿಲಲ್ಲಿ ಮಳೆ ಹಿಡಿಯುವ ಡಬ್ಬಿ.

"ಹೊಳೆ ಅಲ್ಲ ರೀ. ಒಂದೇ ಅಳತೆ ಮಳೆ ಬೀಳೋ ಊರುಗಳನ್ನ ಸೇರಿಸಿ ಎಳೆದ ಗೆರೆ. ಕೆಂಪು ಗೆರೆ ಶಾಖದ್ದು. ಅದನ್ನೂ ಹಾಗೇ ಎಳೆಯೋದು."

"ಹುಣಸೆಕಟ್ಟೆ ಎಲ್ಲಿದೆ ನೋಡು" ಎಂದೆ.

ಹುಡುಕುವ ಕಷ್ಟವೇ ಇರಲಿಲ್ಲ. ನೀಲಿ ಗೆರೆಗಳು ಕೊಳ್ಳದ ಉದ್ದಕ್ಕೂ ಸಾವಕಾಶವಾಗಿ ಹರಿದು, ಹುಣಸೆಕಟ್ಟೆಯ ಹತ್ತಿರ ಮಾತ್ರ ಚಕ್ಕುಲಿಯ ಹಾಗೆ ಒಂದರೊಳಗೊಂದು ಸುತ್ತಿಕೊಂಡಿದ್ದವು. ಎಡಬಲದ ಊರುಗಳಲ್ಲಿ ವರ್ಷಕ್ಕೆ ಇಪ್ಪತ್ತೈದು ಇಂಚು ಮಳೆ. ಹುಣಸೆಕಟ್ಟೆಯಲ್ಲಿ ಅರವತ್ತನಾಲ್ಕು. ಅಣೆಕಟ್ಟೆಯನ್ನು ಅಲ್ಲೇ ಕಟ್ಟಬೇಕೆಂದು ತಜ್ಞರ ಸಮಿತಿ ಮನಸ್ಸು ಮಾಡಿದ್ದು ಆ ಚಕ್ಕುಲಿಯನ್ನು ನೋಡಿಯೇ.

"ಈಗ ಕೆಂಪು ಗೆರೆ ನೋಡು."

"ಸೀದಾ ಹೋಗಿದೆ ಸಾರ್."

"ಹೌದಲ್ವಾ. ಪಕ್ಕದೂರಿಗಿಂತ ಎರಡೂವರೆ ಪಟ್ಟು ಮಳೆ ಬೀಳೋ ಊರು, ಮಳೆಗಾಲದಲ್ಲಾದ್ರೂ ಒಂದು ಚೂರು ತಂಪಾಗಿರ್ಬೇಕೋ ಬೇಡ್ವೋ? ಪಕ್ಕದ ಒಣಗಿದ ಊರಷ್ಟೇ ಸೆಕೆ ಇದೆ."

"ಒಂದೊಂದು ಕಡೆ ಹಾಗೂ ಇರತ್ತೆ" ಎಂದರು ದೊರೆಸ್ವಾಮಿಯವರು. "ಅಲ್ಲೊಂದು ಗುಡ್ಡ ಇದೆ. ಮೋಡ ತಡೆಯತ್ತೆ."

"ಗುಡ್ಡ ನೋಡಿ ಬಂದೆ ಸ್ವಾಮಿ. ನಮ್ಮ ಬಸವನಗುಡಿ ಕಹಳೆ ಬಂಡೆಯಷ್ಟೂ ಇಲ್ಲ."

ನನಗೇನು ಮಳೆಯ ಶಾಸ್ತ್ರ ಗೊತ್ತಿರಲಿಲ್ಲ. ಆದರೆ ಇವರು ನನ್ನನ್ನು ಈ ಕೋಣೆಯ ಬೆಂಚಿನ ಮೇಲೆ ಗಂಟೆಗಟ್ಟಲೆ ಕಾಯಿಸಿದ್ದರು. ಎದುರಿಗೆ ನೋಡಲು ಇದ್ದದ್ದು ಈ ಕರಡೊಂದೇ. ಸೀರೆ ಅಂಗಡಿಯವರ ಮನೆಯಲ್ಲಿ ಹುಟ್ಟಿದವನಿಗೆ ಒಂದು ಅಂಚು ಇನ್ನೊಂದು ಅಂಚಿಗೆ ಹೊಂದದಿದ್ದರೆ ಕಣ್ಣಿಗೆ ಚುಚ್ಚುತ್ತದೆ, ಅಷ್ಟೆ.

ಟವಲ್ಲು ಬಿಚ್ಚಿದೆ. ಒಳಗೆ ಉದ್ದನೆಯ ಗಾಜಿನ ಲೋಟ, ಮೈಮೇಲೆ ಸಣ್ಣ ಸಣ್ಣ ಗೆರೆ. ಅದರ ಪಕ್ಕದಲ್ಲಿ ಎರಡು ಗಂಟು ಹಾಕಿದ ಒಂದು ತುಂಡು ದಾರ ಇಟ್ಟೆ.

ಹುಣಸೆಕಟ್ಟೆಯ ಶಾಲೆಯ ಅಂಗಳದಲ್ಲಿ ಮುಳ್ಳುಬೇಲಿಯ ನಡುವೆ ಮಳೆಯ ಡಬ್ಬಿ ಇತ್ತು. ದಿನಾ ಬೆಳಗ್ಗೆ ಎಂಟಕ್ಕೆ ಡಬ್ಬಿಯ ನೀರನ್ನು ಈ ಗಾಜಿಗೆ ಬಗ್ಗಿಸಿ, ನೀರು ಯಾವ ಗೆರೆಗೆ ನಿಂತಿತೋ ಅದನ್ನು ಬೆಂಗಳೂರಿಗೆ ಬರೆದು ಕಳಿಸುವುದು ಮೇಷ್ಟರ ಕೆಲಸ. "ಹಳೇ ಗಾಜು ಎರಡು ವರ್ಷದ ಹಿಂದೆ ಒಡೆದೋಯ್ತು. ಈ ಹೊಸದು ಬಂದ್ಮೇಲೆ ಶಿವನ ದಯೆ, ನಮ್ಮೂರಲ್ಲಿ ಮಳೆ ಜಾಸ್ತಿ" ಎಂದು ಆ ಪುಣ್ಯಾತ್ಮ ಹೆಮ್ಮೆಯಿಂದ ಹೇಳಿದ. ಅವನ ಬೆನ್ನ ಹಿಂದೆ ಊರ ಕೆರೆ ಕಾಣುತ್ತಿತ್ತು. ಎಮ್ಮೆಯ ಮೈ ನೆನೆಯುವಷ್ಟೂ ನೀರಿರಲಿಲ್ಲ. ಅಣೆಕಟ್ಟೆ ಆದರೆ ಶಾಲೆಯೂ ಊರೂ ಮುಳುಗಡೆ. ಇಲ್ಲದ ನೀರಿಗಾಗಿ ಇರುವ ಊರನ್ನು ಎಬ್ಬಿಸುತ್ತಾರಲ್ಲ ಎಂದು ಅಲ್ಲೇ ನನ್ನ ಹೊಟ್ಟೆ ಉರಿದಿತ್ತು.

"ಆ ದಾರ ಡಬ್ಬಿ ಬಾಯಿಯ ಅಗಲ" ಎಂದೆ. "ಅಳೆದು ನೋಡು."

ಏಕಾಂತಯ್ಯ ಮೇಜಿನ ಮೇಲಿದ್ದ ಸ್ಕೇಲು ತೆಗೆದುಕೊಂಡು ದಾರ ಹಿಡಿದ. "ಎಂಟು ಇಂಚು ಸಾರ್."

"ಗಾಜಿನ ಬುಡದಲ್ಲಿ ಏನು ಕೊರೆದಿದೆ?"

ಅವನು ಗಾಜನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದ. "ಐದು."

ದೊರೆಸ್ವಾಮಿಯವರ ಹುಬ್ಬು ಈ ಸಲ ಮೇಲೆ ಹೋಗಲಿಲ್ಲ. ಅವರು ಕುರ್ಚಿಯಲ್ಲಿ ಮುಂದಕ್ಕೆ ಬಂದರು.

"ರಾಮಾನುಜ" ಎಂದು ಕೂಗಿದರು. "ಸ್ಟೋರಿಂದ ಎಂಟರ ಗಾಜು ತಗೊಂಡ್ಬಾ. ಒಂದು ಚೊಂಬು ನೀರೂ ಬೇಕು."

ರಾಮಾನುಜ ಪರಮಶಿವಯ್ಯನ ಸಹಾಯಕ. ಗೆರೆಗಳಿಗೆ ಶಾಯಿ ಹಾಕುವವನು. ಬೆರಳ ತುದಿಯಲ್ಲಿ ಯಾವಾಗಲೂ ನೀಲಿ ಇರುತ್ತಿತ್ತು. ಅವನು ತಂದ ಗಾಜು ನನ್ನ ಗಾಜಿಗಿಂತ ದಪ್ಪಗಿತ್ತು, ಬುಡದಲ್ಲಿ ಎಂಟು ಎಂದು ಕೊರೆದಿತ್ತು.

ನಾನು ದಪ್ಪ ಗಾಜಿಗೆ ನೀರು ಬಗ್ಗಿಸಿದೆ. ಇಪ್ಪತ್ತರ ಗೆರೆಗೆ ನಿಲ್ಲಿಸಿದೆ. ಅದೇ ನೀರನ್ನು, ಒಂದು ತೊಟ್ಟೂ ಚೆಲ್ಲದೆ, ಹುಣಸೆಕಟ್ಟೆಯ ಗಾಜಿಗೆ ಸುರಿದೆ. ನೀರು ಇಪ್ಪತ್ತು ದಾಟಿತು, ಮೂವತ್ತು ದಾಟಿತು, ನಲವತ್ತು ದಾಟಿತು. ಐವತ್ತೊಂದಕ್ಕೆ ಬಂದು ನಿಂತಿತು.

ಗಾಜನ್ನು ಎಲ್ಲರಿಗೂ ಕಾಣುವಂತೆ ಮೇಜಿನ ನಡುವೆ ಇಟ್ಟೆ.

"ಎಂಟಿಂಚು ಬಾಯಿಯ ಡಬ್ಬಿಗೆ ಐದಿಂಚು ಡಬ್ಬಿಯ ಗಾಜು" ಎಂದೆ. "ಎರಡು ವರ್ಷದಿಂದ ಆ ಊರಲ್ಲಿ ಒಂದು ಇಂಚು ಮಳೆ ಬಿದ್ರೆ ನಿಮ್ಮ ನಕ್ಷೇಲಿ ಎರಡೂವರೆ ಇಂಚು ಬಿದ್ದಿದೆ. ಹುಣಸೆಕಟ್ಟೇಲಿ ಮಳೆ ಇಲ್ಲ, ಸ್ವಾಮಿ. ಗಾಜು ಮಾತ್ರ ಇದೆ."

ಏಕಾಂತಯ್ಯ ಮೆಲ್ಲಗೆ ಕೇಳಿದ, "ಇದು ಸುಟ್ಟಿದ್ದಕ್ಕೆ ಹೇಗೆ ಸಂಬಂಧ ಸಾರ್?"

ಬಸ್ಸಿನಲ್ಲಿ, ಗಾಡಿಯಲ್ಲಿ, ನಡಿಗೆಯಲ್ಲಿ ನಾನು ಜೋಡಿಸಿಟ್ಟುಕೊಂಡಿದ್ದ ಮಾತು ಅದು. ಹೇಳುವಾಗ ಆಯಾಸ ಕೂಡ ಸ್ವಲ್ಪ ಮರೆತುಹೋಯಿತು.

"ಪರಮಶಿವಯ್ಯ ಚುರುಕಿನವನು. ನೀಲಿಗೂ ಕೆಂಪಿಗೂ ಹೊಂದೋದಿಲ್ಲ ಅಂತ ನನ್ನಂಥವನಿಗೇ ಕಂಡಿದ್ದು ಅವನಿಗೆ ಕಾಣದೆ ಇರತ್ತಾ? ಗಾಜಿನ ತಪ್ಪು ಹಿಡಿದ. ನಕ್ಷೆ ತಿದ್ದಿದ. ತಿದ್ದಿದ ನಕ್ಷೆ ಸಮಿತಿ ಮುಂದೆ ಹೋದ್ರೆ ಅಣೆಕಟ್ಟೆ ಬೇರೆ ಕಡೆ ಹೋಗತ್ತೆ. ಕಾಲುವೆ ನೀರು ಬರತ್ತೆ ಅಂತ ಕಾದಿರೋ, ಹುಣಸೆಕಟ್ಟೆ ಕೆಳಗಡೆ ಜಮೀನಿರೋರಿಗೆ ನಷ್ಟ." ದೊರೆಸ್ವಾಮಿಯವರ ಕಡೆ ತಿರುಗಿದೆ. "ಆ ಜಮೀನು ನಿಮ್ಮ ಮಾವನವರದ್ದು. ಇಲ್ಲ ಅಂತೀರಾ?"

"ಇಲ್ಲ ಅನ್ನಲ್ಲ" ಎಂದರು ಅವರು.

ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರು ನನ್ನನ್ನು ನೋಡಲೂ ಇಲ್ಲ. ಐವತ್ತೊಂದಕ್ಕೆ ನಿಂತ ನೀರನ್ನು ತಾವೇ ಮತ್ತೆ ದಪ್ಪ ಗಾಜಿಗೆ ಸುರಿದರು. ಇಪ್ಪತ್ತು. ಮತ್ತೆ ಸಣ್ಣದಕ್ಕೆ ಸುರಿದರು. ಐವತ್ತೊಂದು. ಸುರಿಯುವಾಗ ಮೇಜಿನ ಮೇಲೆ ನೀರು ಚೆಲ್ಲಿತು, ಪಾಲಿಶಿನ ಮೇಲೆಲ್ಲ ಹರಿಯಿತು. ಒರೆಸಲು ಹೋಗಲಿಲ್ಲ.

"ನಾನು ಸೈನ್ ಮಾಡಿದೀನಲ್ರೀ" ಎಂದರು.

"ಯಾವುದಕ್ಕೆ?"

"ನಕ್ಷೆಗೆ. ಸುಟ್ಟುಹೋದ ನಕ್ಷೆಗೆ. ಶನಿವಾರ ಸೈನ್ ಮಾಡ್ದೆ. ತಿದ್ದಿರ್ಲಿಲ್ಲ ಶಂಭುಲಿಂಗಪ್ಪನೋರೇ. ಹುಣಸೆಕಟ್ಟೆ ಅರವತ್ನಾಲ್ಕೇ ಇತ್ತು. ರಾಮಾನುಜ, ಹೇಳಪ್ಪ."

ರಾಮಾನುಜ ಬಾಗಿಲ ಹತ್ತಿರ ನಿಂತಿದ್ದ. "ಇದೇ ಕರಡು ಇಟ್ಕೊಂಡು ನಾನೇ ಶಾಯಿ ಹಾಕಿದ್ದು ಸಾರ್. ಯಜಮಾನ್ರು ಸೈನ್ ಮಾಡಿದ್ಮೇಲೆ ನಾನೇ ಸುರುಳಿ ಸುತ್ತಿ ಬೀರು ಒಳಗಿಟ್ಟೆ. ಒಂದು ಗೆರೆನೂ ಬದಲಾಗಿರ್ಲಿಲ್ಲ. ಈಗ ಮತ್ತೆ ಅದನ್ನೇ ಬರೀತಿದೀನಿ. ಸುಟ್ಟ ಮಾರನೇ ದಿನವೇ ಶುರು ಮಾಡು ಅಂದ್ರು."

ಬೆಂಚಿನ ಮೇಲೆ ಕೂತೆ.

ದೊರೆಸ್ವಾಮಿಯವರು ಆ ನಕ್ಷೆ ಸಮಿತಿಗೆ ಹೋಗಲೆಂದು ಕಾದಿದ್ದವರು. ಅವರಿಗೆ ಬೇಕಾಗಿದ್ದ ಅಂಕಿಯೇ ಅದರಲ್ಲಿತ್ತು. ಅದನ್ನು ಸುಟ್ಟು ಅವರಿಗೆ ಆಗಬೇಕಾದ್ದು ಏನೂ ಇರಲಿಲ್ಲ. ನಾನು ವಾರವೆಲ್ಲ ತಪ್ಪು ಮನುಷ್ಯನ ಹುಬ್ಬನ್ನು ಕಾದಿದ್ದೆ.

"ಆ ಮೇಷ್ಟ್ರನ್ನ ಒಂದು ಮಾತು ಕೇಳಿದ್ರಾ?" ಎಂದರು ದೊರೆಸ್ವಾಮಿಯವರು. ಧ್ವನಿಯಲ್ಲಿ ಕೋಪವಿರಲಿಲ್ಲ, ಅವರೂ ಸೋತಿದ್ದರು. "ಗಾಜು ಕಳಿಸಿದ್ದು ಯಾರು ಅಂತ?"

ಕೇಳಿರಲಿಲ್ಲ. ಹೊರಡುವ ಬಸ್ಸು ತಪ್ಪೀತೆಂದು ಗಾಜು ಇಸಿದುಕೊಂಡು ಬಂದುಬಿಟ್ಟಿದ್ದೆ. ಬೆಂಗಳೂರಿನಿಂದ ಬಂತು ಎಂದ, ಬೆಂಗಳೂರೆಂದರೆ ದೊರೆಸ್ವಾಮಿ ಎಂದು ನಾನೇ ಲೆಕ್ಕ ಹಾಕಿಕೊಂಡಿದ್ದೆ.

"ಸ್ಟೋರು ಪರಮಶಿವಯ್ಯಂದು" ಎಂದರು ಅವರು. "ಅಲ್ಲಿಂದ ಹೊರಗೆ ಹೋಗೋ ಪ್ರತಿ ಗಾಜನ್ನೂ ಅವನೇ ನೋಡಿ, ಹುಲ್ಲು ಸುತ್ತಿ, ಪಾರ್ಸಲ್ ಮಾಡ್ತಿದ್ದ. ಬೇರೆಯೋರಿಗೆ ಮುಟ್ಟೋಕೆ ಬಿಡ್ತಿರ್ಲಿಲ್ಲ. ಕೊಳ್ಳದಲ್ಲಿ ಐದರ ಡಬ್ಬಿಗಳೇ ಜಾಸ್ತಿ. ಎಂಟರದ್ದು ಹಳೇ ಕಾಲದ್ದು, ಎರಡೋ ಮೂರೋ ಉಳಿದಿವೆ. ಮರೆತಿದ್ದಾನೆ."

ಹೊರಗೆ ಜಟಕಾ ಹೋದ ಸದ್ದು ಕೇಳಿಸಿತು. ಏಕಾಂತಯ್ಯ ಸ್ಕೇಲನ್ನು ಮೇಜಿನ ಅಂಚಿಗೆ ಸಮವಾಗಿ ಇಟ್ಟ. ಅವನು ಮಾತಾಡುವ ಮೊದಲೇ ನನಗೆ ಗೊತ್ತಾಗಿತ್ತು ಅವನು ಏನು ಹೇಳುತ್ತಾನೆಂದು.

"ಸಾರ್, ತಪ್ಪು ತಿಳ್ಕೋಬೇಡಿ. ಇಷ್ಟು ದಿನ ನಮ್ಮ ಹತ್ರ ಬೀಗದ ಕೈ ಒಂದಿತ್ತು. ಯಾಕೆ ಸುಟ್ಟ ಅನ್ನೋದಕ್ಕೆ ಉತ್ತರ ಇರ್ಲಿಲ್ಲ. ವಕೀಲರು ನಾಳೆ ಅದನ್ನೇ ಹಿಡ್ಕೊಂಡು ಬಿಡಿಸ್ಕೊಂಡು ಹೋಗ್ತಿದ್ರೋ ಏನೋ."

"ಗೊತ್ತಪ್ಪ" ಎಂದೆ.

"ತಾನೇ ಕಳಿಸಿದ ಗಾಜು. ತನ್ನಿಂದಾನೇ ನಕ್ಷೆ ಕೆಟ್ಟಿದೆ. ಅದು ಸಮಿತಿಗೆ ಹೋದ್ರೆ ಇವತ್ತಲ್ಲ ನಾಳೆ ಬಯಲಿಗೆ ಬರತ್ತೆ. ಅದು ಕೆಟ್ಟಿದೆ ಅಂತ ಈ ಕಚೇರೀಲಿ ಗೊತ್ತಿದ್ದೋನು ಅವನೊಬ್ಬನೇ. ಕಾರಣ ನೀವೇ ಹುಡುಕಿ ತಂದ್ಕೊಟ್ರಿ ಸಾರ್."

ನಿಜ. ಮಂಡಿ ಸವೆಸಿಕೊಂಡು, ಟವಲ್ಲಿನಲ್ಲಿ ಮಗುವಿನ ಹಾಗೆ ಸುತ್ತಿಕೊಂಡು, ನಾನೇ ತಂದುಕೊಟ್ಟಿದ್ದೆ. ಬಾಗಿಲು ತೆರೆದಿಟ್ಟಿದ್ದೂ ನಾನೇ. ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಎದ್ದು ಆ ಜಗಲಿಗೆ ಹೋಗುವುದು ಹೇಗೆಂದು ಭಯವಾಯಿತು.

ಹೋಗಬೇಕಾಗಲಿಲ್ಲ. ರಾಮಾನುಜ ಪಕ್ಕಕ್ಕೆ ಸರಿದ. ಶೈಲಜಮ್ಮ ಹೊಸ್ತಿಲ ಮೇಲೆ ನಿಂತಿದ್ದಳು.

"ಗೊತ್ತಿದ್ದಿದ್ದು ಅವರೊಬ್ಬರಿಗೇ ಅಲ್ಲ" ಎಂದಳು.

"ಒಳಗೆ ಬಾ ತಾಯಿ, ಕೂತ್ಕೋ" ಎಂದೆ.

ಬರಲೂ ಇಲ್ಲ, ಕೂರಲೂ ಇಲ್ಲ. ಏಕಾಂತಯ್ಯನನ್ನೇ ನೋಡುತ್ತ ಹೇಳಿದಳು. "ಭಾನುವಾರ ಅವರು ನಂಗೆ ಎಲ್ಲ ಹೇಳಿದ್ರು. ಶನಿವಾರ ಸ್ಟೋರು ಗುಡಿಸುವಾಗ ಎಂಟರ ಗಾಜು ಹಾಗೇ ಇರೋದು ನೋಡಿದ್ರಂತೆ. ಅವಾಗ ಹೊಳೀತಂತೆ, ಹುಣಸೆಕಟ್ಟೆಗೆ ಬೇರೇದು ಹೋಗಿದೆ ಅಂತ. ಅಷ್ಟು ಹೊತ್ತಿಗೆ ಸೈನ್ ಆಗೋಗಿತ್ತು. ಯಜಮಾನ್ರಿಗೆ ಹೇಳ್ಬಿಡಿ ಅಂದೆ. ಹೇಗೆ ಹೇಳ್ಲಿ, ಎರಡು ವರ್ಷ ಎಲ್ಲರ ಕೈಲೂ ಸುಳ್ಳು ಬರೆಸಿದೀನಿ ಅಂತ ಹೇಗೆ ಹೇಳ್ಲಿ ಅಂತ ತಲೆ ಚಚ್ಕೊಂಡ್ರು. ಒಂದೂರು ನನ್ನಿಂದ ಮುಳುಗೋಗತ್ತೆ, ನಾನ್ಯಾಕೆ ಬದುಕಿ ಇರ್ಬೇಕು ಅಂದ್ರು. ಊಟ ಬಿಟ್ರು. ನಿದ್ದೆ ಬಿಟ್ರು."

"ಅದಕ್ಕೇ ಸುಟ್ರು" ಎಂದ ಏಕಾಂತಯ್ಯ.

"ಅವರಲ್ಲ. ಸೋಮವಾರ ಸಂಜೆ ಅವರು ಕಾಡುಮಲ್ಲೇಶ್ವರನ ಗುಡಿಗೆ ಹೋದ್ರು. ಬೀಗದ ಕೈ ಮನೇಲಿ ಗೂಟದ ಮೇಲಿತ್ತು. ತಗೊಂಡು ಬಂದೆ. ನಕ್ಷೆ ಇಲ್ದಿದ್ರೆ ಸಮಿತಿ ಸಭೆ ನಡೆಯಲ್ಲ, ಅಷ್ಟರೊಳಗೆ ಅವರು ಹೊಸದು ಸರಿಯಾಗಿ ಬರೀತಾರೆ ಅಂದ್ಕೊಂಡೆ. ನಾನೇ ಸುಟ್ಟಿದ್ದು."

ದೊರೆಸ್ವಾಮಿಯವರು ಕಣ್ಣು ಮುಚ್ಚಿಕೊಂಡರು. ನನ್ನ ಬಾಯಿಂದ ಬಂದದ್ದು ಒಂದೇ ಮಾತು.

"ಹಾಗಾದ್ರೆ ನನ್ನನ್ನ ಯಾಕಮ್ಮ ಊರೂರು ಅಲೆಸ್ದೆ?"

ಮೊದಲ ಸಲ ನನ್ನ ಕಡೆ ನೋಡಿದಳು. ಅತ್ತು ಅತ್ತು ಕಣ್ಣು ಒಣಗಿಹೋಗಿತ್ತು.

"ಬೇರೆ ಯಾರ ಮೇಲಾದ್ರೂ ಹೋಗ್ಲಿ ಅಂತ ಚಿಕ್ಕಪ್ಪ. ನೀವು ಜಾಣರು, ಯಾರನ್ನಾದ್ರೂ ಹಿಡೀತೀರ ಅಂತ. ಯಜಮಾನ್ರ ಮೇಲೆ ನಿಮಗೆ ಅನುಮಾನ ಬಂದಾಗ ನಾನು ಸುಮ್ನೇ ಇದ್ದೆ." ದೊರೆಸ್ವಾಮಿಯವರ ಕಡೆ ಕೈ ಮುಗಿದಳು. "ತಪ್ಪಾಯ್ತು."

ಏಕಾಂತಯ್ಯ ಜೇಬಿನಿಂದ ಪೆನ್ಸಿಲು ತೆಗೆದ. ಅವನ ಮುಖದಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ. ಒಳ್ಳೆಯ ಹುಡುಗ. "ಒಲೆ ಉರೀತಿತ್ತಾಮ್ಮ, ನೀವು ಬಂದಾಗ?"

"ಇಲ್ಲ."

"ಮತ್ತೆ ಹೇಗೆ ಹಚ್ಚಿದ್ರಿ?"

"ಕಡ್ಡಿ ಗೀರಿ ಹಾಕ್ದೆ."

"ಅಷ್ಟೇನಾ?"

"ಅಷ್ಟೇ. ಕಾಗದ ತಾನೆ, ಹತ್ಕೊಳ್ತು."

ರಾಮಾನುಜ ತಲೆ ತಗ್ಗಿಸಿದ. ಪೆನ್ಸಿಲು ನಿಂತಿತು.

"ಅದು ಕಾಗದ ಅಲ್ಲಮ್ಮ" ಎಂದ ಏಕಾಂತಯ್ಯ, ತಂಗಿಗೆ ಹೇಳುವಷ್ಟು ಮೆತ್ತಗೆ. "ಗಂಜಿ ಹಾಕಿದ ಬಟ್ಟೆ. ಒಲೆ ತುಂಬ ಸೀಮೆಎಣ್ಣೆ ವಾಸನೆ ಇತ್ತು. ನಾವು ಅದನ್ನ ಯಾರಿಗೂ ಹೇಳಿಲ್ಲ."

ಶೈಲಜಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಒಂದು ಗಳಿಗೆ ಅಷ್ಟೆ. ಆಮೇಲೆ ತಲೆಯೆತ್ತಿ ಅವನ ಮುಖವನ್ನೇ ನೋಡಿದಳು.

"ಹ್ಞೂ. ಸೀಮೆಎಣ್ಣೆನೂ ಹಾಕ್ದೆ. ಗಾಬರೀಲಿ ಮರೆತಿದ್ದೆ. ಬರ್ಕೊಳ್ಳಿ."

ಏಕಾಂತಯ್ಯ ಬರೆದುಕೊಳ್ಳಲಿಲ್ಲ. ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ ನನ್ನ ಹತ್ತಿರ ಬಂದು ಬೆಂಚಿನ ಮೇಲೆ ಕೂತ.

"ನಾಳೆ ಬೆಳಗ್ಗೆ ಕೋರ್ಟಿಗೆ ಒಬ್ಬರನ್ನ ಕರ್ಕೊಂಡು ಹೋಗ್ಬೇಕು ಸಾರ್" ಎಂದ. "ಗಂಡನ್ನೋ, ಹೆಂಡತೀನೋ? ಇಬ್ಬರನ್ನೂ ಬಲ್ಲೋರು ನೀವು. ನೀವೇ ಹೇಳಿ."